ಹೊನ್ನಪ್ಪನ ದೋಣಿಯನ್ನು ನಾನು ಕರೆದ ಬಗೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ತಪ್ಪು ನನ್ನದು. ಹೊಳೆಯದ್ದಲ್ಲ, ದೋಣಿಯದ್ದಲ್ಲ, ಅಂಬಿಗರ ಹೊನ್ನಪ್ಪನದ್ದಂತೂ ಅಲ್ಲವೇ ಅಲ್ಲ. ಸಿನೆಮಾದ್ದು ಸ್ವಲ್ಪ ಇದೆ ಎಂದು ನಾನು ಬಹಳ ದಿನ ವಾದಿಸಿದೆ. ಆದರೆ ಆ ಸಿನೆಮಾವನ್ನು ಅದೇ ಡೇರೆಯಲ್ಲಿ ನನ್ನ ಜೊತೆ ಮುನ್ನೂರು ಜನ ನೋಡಿದ್ದರು. ಅವರೆಲ್ಲ ಮನೆಗೆ ಹೋಗಿ ಗಂಜಿ ಉಂಡು ಮಲಗಿದರು. ಕೆಟ್ಟವರು ಇಬ್ಬರೇ. ಒಬ್ಬ ನಾನು. ಇನ್ನೊಬ್ಬ ಹೊನ್ನಪ್ಪನ ಮಗ ಜಟ್ಟು.

ನನಗೀಗ ಇಪ್ಪತ್ತೊಂದು. ಹೆಸರು ಪರಮೇಶ್ವರ, ಕರೆಯುವುದು ಪರಮು. ಉದ್ಯೋಗ ಸ್ವರಾನುಕರಣೆ. ಹೀಗೆಂದು ಕುಮಟೆಯಲ್ಲಿ ನೂರು ಚೀಟಿ ಅಚ್ಚು ಹಾಕಿಸಿದ್ದೇನೆ. ಹೆತ್ತ ಆಯಿಯೇ ಅದನ್ನು ಎರಡು ಸಲ ಓದಿ, "ಅಂದ್ರೆ ಅಣಕಿಸೂದು" ಎಂದಳು. ತೊಂಬತ್ತಾರು ಚೀಟಿ ಇನ್ನೂ ಪೆಟ್ಟಿಗೆಯಲ್ಲಿವೆ.

ನಮ್ಮ ಕೇರಿ ಇರುವುದು ಮಿರ್ಜಾನದ ಎದುರು ದಡದಲ್ಲಿ. ನಡುವೆ ಅಘನಾಶಿನಿ. ಶಾಲೆ, ಅಂಗಡಿ, ಟಪಾಲು ಕಚೇರಿ, ಒಟ್ಟಿನಲ್ಲಿ ನಾಗರಿಕತೆ ಎಂಬುದೆಲ್ಲ ಆಚೆ ದಡಕ್ಕೆ. ನಾವು, ನಮ್ಮ ಕೋಳಿಗಳು ಮತ್ತು ತಾರಿ ದೋಣಿಯ ಹೊನ್ನಪ್ಪ ಈಚೆಗೆ. ಹೊಳೆ ದಾಟಿಸುವುದು ಹೊನ್ನಪ್ಪನ ಮನೆತನದ ಕಸುಬು. ದೋಣಿ ಈಚೆ ದಡದಲ್ಲಿರುವಾಗ ಆಚೆಯಿಂದ ಬರಬೇಕಾದವರು ನೀರಿನಂಚಿಗೆ ನಿಂತು ಕೂಗಬೇಕು. ಬೇರೆ ವ್ಯವಸ್ಥೆ ಇರಲಿಲ್ಲ.

ಹಾಗಾಗಿ ನಮ್ಮಲ್ಲಿ ಪ್ರತಿಯೊಬ್ಬರಿಗೂ ಒಂದು ಹೆಸರಿರುವಂತೆ ಒಂದು ಕೂಗೂ ಇತ್ತು. ಹೊನ್ನಪ್ಪ ಹೊಂಗೆ ಮರದ ಬುಡದಲ್ಲಿ ಮುಖದ ಮೇಲೆ ಟುವಾಲು ಹೊದ್ದು ಮಲಗಿರುತ್ತಿದ್ದ. ಕೂಗು ಕೇಳಿದ ಕೂಡಲೇ, ಟುವಾಲಿನ ಒಳಗಿನಿಂದಲೇ, ಯಾರೆಂದು ಹೇಳುತ್ತಿದ್ದ. ಯಾರೆಂದು ಮಾತ್ರವಲ್ಲ, ಕೈಯಲ್ಲಿ ಹೊರೆ ಇದೆಯೋ ಇಲ್ಲವೋ, ಮನೆಯಲ್ಲಿ ಜಗಳ ಮಾಡಿ ಬಂದಿದ್ದಾರೋ ಅದನ್ನೂ ಹೇಳುತ್ತಿದ್ದ. ಆಮೇಲೆ ಏಳಬೇಕೋ ಬೇಡವೋ ಎಂದು ತೀರ್ಮಾನ. ಶಾನುಭೋಗರು ಕೂಗಿದರೆ ಬೀಡಿ ಅರ್ಧಕ್ಕೇ ನಂದಿಸಿ ಏಳುತ್ತಿದ್ದ. ಮೀನಿನ ಬುಟ್ಟಿಯವರಿಗೆ ಬೀಡಿ ಮುಗಿಯಬೇಕು. ಉಳಿದವರು ನಾಲ್ಕು ಜನ ಸೇರಬೇಕು. ಶಾಲೆಗೆ ಹೋಗುವ ಪೋರರಿಗೆ ಭಗವಂತನ ಇಚ್ಛೆ!

ಎಲ್ಲರಿಗಿಂತ ಮೊದಲಿನ ಮರ್ಯಾದೆ ನಮ್ಮ ಅಪ್ಪನಿಗೆ. ಅಪ್ಪ ಟಪಾಲು ಹಂಚುವವನು. ಆಚೆ ನಿಂತು "ಟಪಾಲೂ" ಎಂದು ಒಮ್ಮೆ ಎಳೆದರೆ ಸಾಕು, ಹೊನ್ನಪ್ಪ ಹುಟ್ಟು ಹಿಡಿದುಕೊಂಡೇ ಎದ್ದಿರುತ್ತಿದ್ದ. ಇದಕ್ಕೆ ಕಾರಣವಿತ್ತು. ಕಾರಣ ಜಟ್ಟು. ಅವನ ಕತೆ ಹೇಳಬೇಕಾದರೆ ಸಿನೆಮಾದ ಕತೆ ಹೇಳಬೇಕು.

ನಮ್ಮ ಜಿಲ್ಲೆ ಮುಂಬಯಿಯಿಂದ ಬಿಟ್ಟು ಮೈಸೂರಿಗೆ ಸೇರಿ ಒಂದೆರಡು ವರ್ಷ ಆಗಿತ್ತು. ಕುಮಟೆಗೆ ಡೇರೆ ಸಿನೆಮಾ ಬಂತು. ಜಟ್ಟುವಿಗೆ ಆಗ ಹದಿನೈದು, ನನಗೆ ಹನ್ನೊಂದು. ಅವನೇ ನನ್ನ ಕೈ ಹಿಡಿದುಕೊಂಡು ನಡೆಸಿಕೊಂಡು ಹೋದ. ಸಂಜೆಯ ಆಟ. ಪರದೆಯ ಎದುರಿಗೇ ಮರಳಿನ ಮೇಲೆ ಕೂತೆವು. ಸಿನೆಮಾ ಹಿಂದಿಯದ್ದು. ನನಗೆ ಹಿಂದಿ ಬರುತ್ತಿರಲಿಲ್ಲ. ಜಟ್ಟುವಿಗೂ ಬರುತ್ತಿರಲಿಲ್ಲ, ಆದರೆ ಅವನು ದೊಡ್ಡವನಾದ್ದರಿಂದ ಬರುತ್ತದೆ ಎಂದು ಹೇಳಿದ.

ಆ ಸಿನೆಮಾದಲ್ಲಿ ಒಬ್ಬ ಅಡುಗೆಯಾಳು. ಬಾಗಿಲಿನ ಸಂದಿಯಲ್ಲಿ ನಿಂತು ಯಜಮಾನನ ಸ್ವರದಲ್ಲಿ ಯಜಮಾನಿಯನ್ನು ಬೈಯುತ್ತಾನೆ. ಯಜಮಾನಿಯ ಸ್ವರದಲ್ಲಿ ಅತ್ತೆಯನ್ನು ಬೈಯುತ್ತಾನೆ. ಪೊಲೀಸಿನವನ ಸ್ವರದಲ್ಲಿ ಎಲ್ಲರನ್ನೂ ಬೈಯುತ್ತಾನೆ. ಮನೆಯವರೆಲ್ಲ ಒಬ್ಬರ ಜುಟ್ಟು ಒಬ್ಬರು ಹಿಡಿದು ಹೊರಳಾಡುವಾಗ ಅವನು ಮಾತ್ರ ಶಿರಾದ ತಟ್ಟೆ ಹಿಡಿದು ಕೂತಿರುತ್ತಾನೆ. ನಾನು ಉಸಿರು ಬಿಡಲಿಲ್ಲ. ಕೈಯಲ್ಲಿ ಕತ್ತಿಯಿಲ್ಲ, ಸೊಂಟದಲ್ಲಿ ಬಲವಿಲ್ಲ, ಬರೀ ಗಂಟಲು! ಹೀಗೂ ಒಬ್ಬ ಮನುಷ್ಯ ಬದುಕಬಹುದು ಎಂದು ನನಗೆ ಅಂದೇ ತಿಳಿಯಿತು. ಈಗ ನೆನೆದರೆ ಒಂದು ಅನುಮಾನ ಬರುತ್ತದೆ. ಮೋಸಹೋದವರು ಮಾರನೆಯ ದಿನ ಹೇಗಿದ್ದರು ಎಂಬುದನ್ನು ಆ ಸಿನೆಮಾ ತೋರಿಸಲೇ ಇಲ್ಲ.

ಜಟ್ಟು ಅಡುಗೆಯಾಳನ್ನು ನೋಡಲೇ ಇಲ್ಲ. ಯಜಮಾನನ ಮನೆಯ ಕಿಟಕಿಯ ಹೊರಗೆ ಬಂದರು ಕಾಣುತ್ತಿತ್ತು. ಅಲ್ಲಿ ಹಡಗುಗಳು ನಿಂತಿದ್ದವು. ಅವನು ಮೂರು ಗಂಟೆ ಆ ಕಿಟಕಿಯನ್ನೇ ನೋಡಿದ್ದ. ವಾಪಸು ನಡೆಯುವಾಗ ನಾನು ದಾರಿಯುದ್ದಕ್ಕೂ ಅತ್ತೆ, ಸೊಸೆ, ಪೊಲೀಸು ಎಲ್ಲ ಆದೆ. ಅವನು ಹೂಂಗುಟ್ಟಿದ. ಕಡೆಗೆ, "ಆ ನಡುವಿನ ಹಡಗು ನೋಡ್ದ್ಯಾ? ನಮ್ಮ ಕೇರಿ ಇಡೀ ಹಿಡಿಸ್ತದೆ ಅದರಲ್ಲಿ" ಎಂದ.

ಮಿರ್ಜಾನದ ದಡಕ್ಕೆ ಬಂದು ಜಟ್ಟು ತನ್ನ ಕೂಗು ಹಾಕಿದ. "ಓ ಅಪ್ಪೋ, ಹೋಯ್." ಆಗ ಅವನಿಗೆ ಸ್ವರ ಒಡೆಯುವ ವಯಸ್ಸು. ಕೂಗು ತಗ್ಗಿನಲ್ಲಿ ಶುರುವಾಗಿ, ನಡುವೆ ಫಟ್ಟೆಂದು ಬಿರಿದು, ಕೊನೆಗೆ ಅವನಿಗೇ ನಗು ಬಂದು ಮುಗಿಯುತ್ತಿತ್ತು. ಆಚೆಯಿಂದ ಹೊನ್ನಪ್ಪ, "ಬಂತು ನನ್ನ ಒಡಕು ಗಡಿಗೆ" ಎಂದು ಹೆಂಡತಿ ಮಾದೇವಿಗೆ ಹೇಳಿದ್ದು ನಮಗೆ ನೀರಿನ ಮೇಲಿಂದ ಸ್ಪಷ್ಟ ಕೇಳಿತು.

ಮುಂದಿನ ದೀಪಾವಳಿ ಕಳೆದ ಮೇಲೆ ಜಟ್ಟು ತದಡಿಯಿಂದ ಮುಂಬಯಿಗೆ ಹೊರಟ ಮಚವೆಯೊಂದನ್ನು ಹತ್ತಿದ. ಮಚವೆ ಎಂದರೆ ನಮ್ಮ ಕಡೆಯ ಸರಕಿನ ಹಾಯಿದೋಣಿ. ಹೇಳಿ ಹೋಗಲಿಲ್ಲ. ಎರಡು ತಿಂಗಳಿಗೆ ಒಂದು ಕಾರ್ಡು ಬಂತು. ನಡು ಹೊಳೆಯಲ್ಲಿ ಅಪ್ಪ ಅದನ್ನು ಓದಿ ಹೇಳಿದ. ಹಡಗಿನಲ್ಲಿ ಕೆಲಸ ಸಿಕ್ಕಿದೆ, ಈ ಹಡಗು ಸಿನೆಮಾದ್ದಕ್ಕಿಂತ ದೊಡ್ಡದು, ಪರಮುವಿಗೆ ಹೇಳಿ ಎಂದಿತ್ತು. ಹೊನ್ನಪ್ಪ ಹುಟ್ಟು ಹಾಕುವುದನ್ನು ನಿಲ್ಲಿಸಿ ಕೇಳುತ್ತಿದ್ದ. ದೋಣಿ ತನ್ನಷ್ಟಕ್ಕೆ ಕೆಳಗೆ ಹೋಗುತ್ತಿತ್ತು.

ಆಮೇಲೆ ಕಾರ್ಡು ಬರಲಿಲ್ಲ. ಅಪ್ಪ ದಿನವೂ ಚೀಲ ಹೆಗಲಿಗೆ ಹಾಕಿಕೊಂಡು ದೋಣಿ ಹತ್ತುವಾಗ ಹೊನ್ನಪ್ಪ ಒಂದೇ ಮಾತು ಕೇಳುತ್ತಿದ್ದ: "ಅದೆಯಾ?" ಅಪ್ಪ, "ಇಲ್ಲ ಹೊನ್ನಪ್ಪ" ಎನ್ನುತ್ತಿದ್ದ. ಎರಡು ವರ್ಷ ದಿನವೂ ಇದು ನಡೆಯಿತು. ನನಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು ಎಂಬುದನ್ನು ಓದುವವರು ನೆನಪಿಡಬೇಕು. ನನಗೆ ಗೊತ್ತಿರಲಿಲ್ಲ ಎಂದು ಬರೆಯಬಹುದಿತ್ತು. ಇನ್ನೊಬ್ಬರ ಸ್ವರ ಕದ್ದವನು ಇಷ್ಟಾದರೂ ಸತ್ಯ ಹೇಳಬೇಕು.

ಈಗ ನನ್ನ ಸಾಧನೆಗೆ ಬರುತ್ತೇನೆ.

ಹದಿಮೂರಕ್ಕೆ ಬರುವಷ್ಟರಲ್ಲಿ ನನ್ನ ಗಂಟಲೊಳಗೆ ಅರ್ಧ ಊರು ಸೇರಿತ್ತು. ಶಾಲೆ ಬಿಟ್ಟ ಮೇಲೆ ಮಿರ್ಜಾನದ ಅಂಗಡಿಯೆದುರು ನಿಂತು ಒಬ್ಬೊಬ್ಬರನ್ನಾಗಿ ತೆಗೆದು ತೋರಿಸಿ, ಜನ ನಕ್ಕು ಸುಸ್ತಾದ ಮೇಲೆ ತಾರಿಗೆ ಬರುತ್ತಿದ್ದೆ. ಅಷ್ಟರಲ್ಲಿ ಉಳಿದ ಹುಡುಗರು ದಾಟಿ ಆಗಿರುತ್ತಿತ್ತು. ನಾನು ಒಬ್ಬನೇ. ಕೂಗಿದರೆ ಟುವಾಲು ಅಲುಗಾಡುತ್ತಿರಲಿಲ್ಲ. ಹೊಟ್ಟೆ ಚುರುಗುಟ್ಟುತ್ತಿತ್ತು. ಒಂದು ದಿನ ತಾಳಲಾರದೆ, "ಟಪಾಲೂ" ಎಂದೆ.

ದೋಣಿ ಬಂದೇ ಬಿಟ್ಟಿತು! ಅಪ್ಪ ಹಿಂದೆ ಬರುತ್ತಿದ್ದಾನೆ, ನನ್ನನ್ನು ಮೊದಲು ಬಿಟ್ಟು ಬಾ ಎಂದೆ. ಹೊನ್ನಪ್ಪ ನನ್ನನ್ನು ದಾಟಿಸಿ, ಮತ್ತೆ ಹೋಗಿ, ಆಚೆ ದಡದಲ್ಲಿ ಒಂದು ಗಂಟೆ ಕಾದ. ಅಪ್ಪ ಬಂದಾಗ, ಆಗಲೇ ಕೂಗಿ ಎಲ್ಲಿ ಹೋಗಿದ್ದಿರಿ ಎಂದು ಕೇಳಿದ. ಅಪ್ಪ ಸರಕಾರಿ ಕೆಲಸದವನು. ವಿಚಾರಣೆ ಇಲ್ಲದೆ ಶಿಕ್ಷೆ ಕೊಡುವವನಲ್ಲ. ಮನೆಗೆ ಬಂದು ನನ್ನ ಮುಖ ನೋಡಿದ. ವಿಚಾರಣೆ ಮುಗಿಯಿತು. ಟಪಾಲು ಚೀಲದ ಪಟ್ಟಿಯನ್ನು ಸರಕಾರ ಎಷ್ಟು ಗಟ್ಟಿ ಚರ್ಮದಲ್ಲಿ ಮಾಡಿಸುತ್ತದೆ ಎಂಬ ವಿಷಯದಲ್ಲಿ ನನಗೆ ಆ ಸಂಜೆ ಸ್ವಂತ ಜ್ಞಾನ ಉಂಟಾಯಿತು.

ಕಲಾವಿದನಾದವನು ಇದಕ್ಕೆಲ್ಲ ಹೆದರಬಾರದು. ಅಪ್ಪನ ಸ್ವರ ಬಿಟ್ಟು ಶಾನುಭೋಗರ ಸ್ವರ ಹಿಡಿದೆ. ಅವರದ್ದು ಕೂಗಲ್ಲ, ಕೆಮ್ಮು: ಮೊದಲು ಎರಡು ಸಣ್ಣದು, ಆಮೇಲೆ ಒಂದು ದೊಡ್ಡದು, ಕೊನೆಯಲ್ಲಿ "ಯಾರೋ ಅಲ್ಲಿ". ದೋಣಿ ಬಂತು. ಹೊನ್ನಪ್ಪ ಇಳಿದು, ದಡದಲ್ಲೆಲ್ಲ ಶಾನುಭೋಗರನ್ನು ಹುಡುಕಿ, ನನ್ನನ್ನು ನೋಡಿ, ಹತ್ತಿಸಿಕೊಂಡ. ಬಂದದ್ದಾಗಿತ್ತಲ್ಲ! ವಾರ ಬಿಟ್ಟು ಮೀನಿನ ಬುಟ್ಟಿಯ ನಾಗಮ್ಮನಾದೆ. ಅದಾದ ಮೇಲೆ ಕಾಂಪೌಂಡರರಾದೆ. ಹೊನ್ನಪ್ಪ ಹೊಸ ಹೊಸ ಬೈಗಳು ಕಂಡುಹಿಡಿದ. ನಾನು ಅವನ್ನೂ ಅವನ ಸ್ವರದಲ್ಲೇ ಕಲಿತುಕೊಂಡೆ.

ಇದರ ಫಲ ಬೇರೆಯವರಿಗೆ ತಟ್ಟಿತು. ಒಂದು ಮಧ್ಯಾಹ್ನ ನಿಜವಾದ ಶಾನುಭೋಗರು, ದಫ್ತರದ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು, ಎರಡು ಸಣ್ಣ ಕೆಮ್ಮಿ ಒಂದು ದೊಡ್ಡ ಕೆಮ್ಮಿ, "ಯಾರೋ ಅಲ್ಲಿ" ಎಂದರು. ಟುವಾಲಿನ ಒಳಗಿನಿಂದ ಹೊನ್ನಪ್ಪ ಉತ್ತರ ಕೊಟ್ಟ: "ಪರಮು, ಗಂಟಲು ಹರಕೊಳ್ಳಬೇಡ. ಸುಮ್ನೆ ಕೂತ್ಕೊ."

ಶಾನುಭೋಗರ ಜೀವಮಾನದಲ್ಲಿ ಅವರಿಗೆ ಹೀಗೆ ಯಾರೂ ಹೇಳಿರಲಿಲ್ಲ. ಅವರು ಮತ್ತೆ ಕೆಮ್ಮಿದರು. ಹೊನ್ನಪ್ಪ, ಇವತ್ತು ಕೆಮ್ಮು ಅಷ್ಟು ಸರಿ ಬರಲಿಲ್ಲ ಎಂದ. ಅವರು ಒಂದೂವರೆ ಗಂಟೆ ಬಿಸಿಲಿನಲ್ಲಿ ಕಲ್ಲಿನ ಮೇಲೆ ಕೂತಿದ್ದರು. ಅಂದಿನಿಂದ ತಾರಿಯಲ್ಲಿ ಹೊಸ ಕಾನೂನು ಬಂತು: ಕೂಗಿದರೆ ಸಾಲದು, ಕೂಗಿದವರು ಕಾಣುವ ಜಾಗದಲ್ಲಿ ನಿಂತು ಕೈ ಎತ್ತಬೇಕು. ಹೊನ್ನಪ್ಪ ಟುವಾಲು ತೆಗೆದು, ಕಣ್ಣು ಕಿರಿದು ಮಾಡಿ, ನೋಡಿ, ಆಮೇಲೆ ಏಳುತ್ತಿದ್ದ. ಅವನ ಅಜ್ಜ, ಅಪ್ಪ ಎಲ್ಲ ಕಿವಿಯನ್ನೇ ನಂಬಿ ಬಾಳಿದ ದಡದಲ್ಲಿ ಕಿವಿಗೆ ಬೆಲೆ ಇಲ್ಲದ ಹಾಗೆ ಮಾಡಿದ ಕೀರ್ತಿ ನನ್ನದು. ಅದೂ ಹದಿಮೂರು ತುಂಬುವುದರೊಳಗೆ.

ಹೊನ್ನಪ್ಪ ಕಣ್ಣಿನಿಂದ ನೋಡದೆ ನಂಬುವ ಸ್ವರ ಇನ್ನು ಒಂದೇ ಉಳಿದಿತ್ತು. ಅದನ್ನು ಕೂಗುವಷ್ಟು ಕತ್ತೆ ಊರಲ್ಲಿ ಯಾರೂ ಇಲ್ಲ ಎಂದು ಅವನು ತಿಳಿದಿದ್ದ.

ಆ ದಿನ ಶಾಲೆಗೆ ಮಧ್ಯಾಹ್ನವೇ ಬಿಡುವು. ಬೇಸಿಗೆ. ತಾರಿಯ ಹತ್ತಿರ ಒಂದು ದೊಡ್ಡ ಮಚವೆ ಬಂದು ನಿಂತಿತ್ತು. ಹಾಯಿಯನ್ನು ಒಣಗಲು ಬಿಟ್ಟಿದ್ದರು. ನಾನು ನಿಲ್ಲುವ ಜಾಗ ಆಚೆಯಿಂದ ಕಾಣುವಂತಿರಲಿಲ್ಲ. ಕೈ ಎತ್ತಿ ಏನು ಪ್ರಯೋಜನ? ಕೂಗಿದೆ. ಉತ್ತರವಿಲ್ಲ. ನಾಗಮ್ಮನಾಗಿ ಕೂಗಿದೆ. ಉತ್ತರವಿಲ್ಲ. ಆಗ ನನಗೂ ಸ್ವರ ಒಡೆಯಲು ಶುರುವಾಗಿತ್ತು. ಹಿಂದಿನ ವಾರದಿಂದ ಹೆಂಗಸರ ಸ್ವರ ಸರಿಯಾಗಿ ಏರುತ್ತಿರಲಿಲ್ಲ. ನಾಗಮ್ಮ ನಡುವೆ ಫಟ್ಟೆಂದಳು. ಆ ಸದ್ದು ಕೇಳಿ ನನಗೆ ಜಟ್ಟು ನೆನಪಾದ. ನೆನಪಾದ ಮೇಲೆ ಬಾಯಿ ಸುಮ್ಮನಿರಲಿಲ್ಲ.

"ಓ ಅಪ್ಪೋ, ಹೋಯ್."

ತಗ್ಗಿನಲ್ಲಿ ಶುರುವಾಯಿತು, ನಡುವೆ ಬಿರಿಯಿತು, ಕೊನೆಗೆ ನಗು ಬಂತು. ಅಷ್ಟು ಸರಿಯಾಗಿ ನಾನು ಯಾವ ಸ್ವರವನ್ನೂ ಎಂದೂ ತೆಗೆದಿಲ್ಲ. ನನ್ನ ಮೈ ಜುಂ ಎಂದಿತು. ಇದೇ ಕಲೆ ಎಂದುಕೊಂಡೆ!

ಹಾಯಿಯ ಅಂಚಿನಿಂದ ಇಣುಕಿದೆ. ಹೊನ್ನಪ್ಪ ಎದ್ದು ನಿಂತಿದ್ದ. ನಾನಿದ್ದ ಕಡೆ ನೋಡಲೇ ಇಲ್ಲ. ದೋಣಿಯ ಹತ್ತಿರ ಓಡಿದ, ಅಲ್ಲಿಂದ ಮನೆಯ ಕಡೆ ಓಡಿದ, ಮತ್ತೆ ದೋಣಿಗೆ ಓಡಿದ. ಟುವಾಲು ಮರದ ಬುಡದಲ್ಲೇ ಬಿದ್ದಿತ್ತು. ಮಾದೇವಿ ಕೈಯಲ್ಲಿ ಒಂದು ತಂಬಿಗೆ ಹಿಡಿದುಕೊಂಡು, ಸೆರಗು ಬಾಯಲ್ಲಿ ಕಚ್ಚಿಕೊಂಡು ಓಡಿಬಂದು ದೋಣಿ ಹತ್ತಿದಳು. ಅವಳು ತಾರಿ ದೋಣಿ ಹತ್ತಿದ್ದನ್ನು ನಾನು ನೋಡಿಯೇ ಇರಲಿಲ್ಲ. ಹೊಳೆ ಇಳಿಯುತ್ತಿತ್ತು, ಸೆಳೆತ ಜೋರಿತ್ತು. ಹೊನ್ನಪ್ಪ ಎದೆ ಒಡೆಯುವ ಹಾಗೆ ಹುಟ್ಟು ಹಾಕುತ್ತಿದ್ದ. ನೀರಿನ ಮೇಲೆ ನಗು ಕೇಳಿತು. ಮಾದೇವಿ ನಗುತ್ತಿದ್ದಳು. ಏನೋ ಹೇಳುವುದು, ನಗುವುದು, ಮತ್ತೆ ಹೇಳುವುದು.

ಆಗಲೂ ನನಗೆ ತಿಳಿಯಲಿಲ್ಲ ಎಂದರೆ ನಂಬಬೇಕು. ಆ ಮಚವೆ ಮುಂಬಯಿಯಿಂದ ಬಂದದ್ದು. ನನಗೆ ಅದು ಗೊತ್ತಿರಲಿಲ್ಲ. ಹೊನ್ನಪ್ಪನಿಗೆ ಗೊತ್ತಿತ್ತು.

ನಡು ಹೊಳೆ ದಾಟಿದ ಮೇಲೆ ಇಬ್ಬರೂ "ಜಟ್ಟೂ" ಎಂದು ಕೂಗಿದರು. ಆಗ ತಿಳಿಯಿತು. ಕಾಲಿನಿಂದ ಶುರುವಾಗಿ ತಲೆಯವರೆಗೆ ತಿಳಿಯಿತು. ಸಿನೆಮಾದ ಅಡುಗೆಯಾಳು ಇಂಥ ಹೊತ್ತಿನಲ್ಲಿ ಕಿಟಕಿ ಹಾರಿ ಹೋಗುತ್ತಿದ್ದ. ಹೊಳೆ ದಡದಲ್ಲಿ ಕಿಟಕಿ ಎಲ್ಲಿಂದ ತರುವುದು? ಸುಣ್ಣ ಸುಡಲು ರಾಶಿ ಹಾಕಿದ್ದ ಚಿಪ್ಪುಗಳ ಹಿಂದೆ ಕುಕ್ಕುರುಗಾಲಿನಲ್ಲಿ ಕೂತೆ. ಪುಸ್ತಕದ ಚೀಲ ದಡದಲ್ಲೇ ಇತ್ತು.

ಹೊನ್ನಪ್ಪ ದೋಣಿ ಕಟ್ಟದೆ ಮಚವೆಯ ಹತ್ತಿರ ಹೋಗಿ, ಮಗ ಎಲ್ಲಿ ಎಂದು ಕೇಳಿದ. ಮಚವೆಯವರಿಗೆ ಅರ್ಥವಾಗಲಿಲ್ಲ. ಯಾರೂ ಇಳಿದಿಲ್ಲ, ನಮ್ಮ ಜೊತೆ ಯಾರೂ ಬಂದಿಲ್ಲ ಎಂದರು. ಅವನು, ಈಗ ಕೂಗಿದ, ಈಗ ಕೇಳ್ತು ಎಂದು ಅವರಿಗೇ ತಿಳಿಹೇಳತೊಡಗಿದ. ಅವರು ಪಾಪ, ಮಚವೆಯ ತುಂಬ ಹುಡುಕಿ ತೋರಿಸಿದರು. ಮಾದೇವಿ ಮಾತ್ರ ನನ್ನ ಚೀಲವನ್ನು ನೋಡುತ್ತ ನಿಂತಿದ್ದಳು.

ನಾನು ಎದ್ದು ಬಂದೆ. "ನಾನೇ" ಎಂದೆ. ಎರಡು ಅಕ್ಷರದ ಮಾತು. ಅದೂ ನಡುವೆ ಒಡೆಯಿತು, ಅದೇ ಜಾಗದಲ್ಲಿ, ಅದೇ ಹಾಗೆ.

ಹೊನ್ನಪ್ಪ ಹುಟ್ಟು ಎತ್ತಿದ. ನಾನು ತಲೆ ಬಗ್ಗಿಸಿದೆ. ಏಟು ಬೀಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಅವನು ಸೆಳೆತಕ್ಕೆ ಹೊರಟಿದ್ದ ದೋಣಿಯನ್ನು ಹಿಡಿಯಲು ನೀರಿಗೆ ಇಳಿದಿದ್ದ, ನಮಗೆ ಬೆನ್ನು ಹಾಕಿ. ದೋಣಿ ಸಿಕ್ಕಿದ ಮೇಲೂ ಬಹಳ ಹೊತ್ತು ತಿರುಗಲಿಲ್ಲ.

ನಮ್ಮಲ್ಲಿ ದೂರದಿಂದ ಬಂದವರಿಗೆ ಮೊದಲು ಕಾಲಿಗೆ ನೀರು, ಆಮೇಲೆ ಬಾಯಿಗೆ ಒಂದು ಚೂರು ಬೆಲ್ಲ. ಜಗಲಿ ಹತ್ತುವ ಮೊದಲೇ ಕೊಡಬೇಕು. ಮಾದೇವಿ ಜಗಲಿಯವರೆಗೂ ಕಾಯಲಾರದೆ ಹೊಳೆ ದಾಟಿಸಿ ತಂದಿದ್ದಳು. ಹೊಳೆಯಲ್ಲಿ ಅಷ್ಟು ನೀರಿರುವಾಗ ಒಂದು ತಂಬಿಗೆ ನೀರು! ಬರುವವನ ಹೆಸರಿನಲ್ಲಿ ತುಂಬಿದ ನೀರನ್ನು ತಿರುಗಿ ಮನೆಗೆ ಒಯ್ಯಬಾರದೆಂದು ಅವಳ ಮನಸ್ಸಿನಲ್ಲಿತ್ತು. ಚೆಲ್ಲುವುದಕ್ಕೂ ಮನಸ್ಸು ಬರಲಿಲ್ಲ. ನನ್ನ ಹತ್ತಿರ ಬಂದಳು.

"ಕಾಲು ತಾ" ಎಂದಳು.

ನಾನು ಬೇಡ ಎಂದೆ. ಅವಳು ಬಗ್ಗಿ ನನ್ನ ಕಾಲಿಗೆ ನೀರು ಹೊಯ್ದಳು. ತಂಬಿಗೆ ಬರಿದಾಗುವವರೆಗೂ ಹೊಯ್ದಳು. ಆಮೇಲೆ ಸೊಂಟದ ಗಂಟು ಬಿಚ್ಚಿ ಬೆಲ್ಲದ ಚೂರು ತೆಗೆದು ನನ್ನ ಕೈಯಲ್ಲಿಟ್ಟಳು. ಇಷ್ಟೆಲ್ಲ ಆದ ಮೇಲೆ ಅದನ್ನು ಯಾರಾದರೂ ತಿನ್ನುತ್ತಾರೆಯೇ? ನಾನು ತಿಂದೆ. ಹಸಿವಾಗಿತ್ತು.

ಮೂವರೂ ಒಂದೇ ದೋಣಿಯಲ್ಲಿ ವಾಪಸು ಬಂದೆವು. ಆ ಹೊಳೆ ಅಷ್ಟು ಅಗಲವಿದೆ ಎಂದು ಅದಕ್ಕೆ ಮೊದಲು ನನಗೆ ಗೊತ್ತಿರಲಿಲ್ಲ.

ಅವರು ಅಪ್ಪನಿಗೆ ದೂರು ಹೇಳಲಿಲ್ಲ. ಮಚವೆಯವರಿಂದ ಅಂಗಡಿಗೆ, ಅಂಗಡಿಯಿಂದ ಟಪಾಲು ಕಚೇರಿಗೆ ಸುದ್ದಿ ತಾನಾಗಿ ಹೋಯಿತು. ಅಪ್ಪ ಮನೆಗೆ ಬಂದು ಚೀಲ ಗೂಟಕ್ಕೆ ನೇತುಹಾಕಿದ. ಪಟ್ಟಿ ಬಿಚ್ಚಲಿಲ್ಲ. ನಾನೇ ಗೋಡೆಗೆ ಮುಖ ಮಾಡಿ ನಿಂತೆ, ಆದರೂ ಬಿಚ್ಚಲಿಲ್ಲ. ನಾಳೆಯಿಂದ ನನ್ನ ಜೊತೆ ಬಾ ಎಂದ, ಅಷ್ಟೆ.

ಮಾರನೆಯ ದಿನ ಶಾಲೆ ಬಿಟ್ಟ ಕೂಡಲೇ ಅಪ್ಪನ ಜೊತೆ ದೋಣಿ ಹತ್ತಿದೆ. ಹೊನ್ನಪ್ಪ ಎಂದಿನಂತೆ ಅಪ್ಪನ ಕಡೆ ನೋಡಿ, "ಅದೆಯಾ?" ಎಂದ. ಅಪ್ಪ ಚೀಲವನ್ನು ನನ್ನ ಮಡಿಲಿಗೆ ಹಾಕಿದ. "ನೀ ನೋಡಿ ಹೇಳು" ಎಂದ.

ನಾನು ಚೀಲ ತೆರೆದು ಒಂದೊಂದೇ ಕಾರ್ಡು ನೋಡಿದೆ. ಏಳೋ ಎಂಟೋ ಇದ್ದವು. ನೋಡಿ ಮುಗಿಯುವವರೆಗೂ ಹೊನ್ನಪ್ಪ ಹುಟ್ಟು ಹಾಕಲಿಲ್ಲ. "ಇಲ್ಲ ಹೊನ್ನಪ್ಪಣ್ಣ" ಎಂದೆ. ಹುಟ್ಟು ನೀರಿಗೆ ಬಿತ್ತು.

ಮಳೆಗಾಲ ಹಿಡಿಯುವವರೆಗೂ ಅದು ನನ್ನ ಕೆಲಸವಾಯಿತು. ದಿನವೂ ಚೀಲ ತೆರೆಯುವುದು, ದಿನವೂ ಇಲ್ಲ ಎನ್ನುವುದು. ಯಾರ ಸ್ವರದಲ್ಲಿ ಹೇಳಿದರೆ ಹಗುರವಾದೀತು ಎಂದು ಎಷ್ಟೋ ಸಲ ಯೋಚಿಸಿದೆ. ಅಪ್ಪನ ಸ್ವರದಲ್ಲಿ? ಕಾಂಪೌಂಡರರ ಸ್ವರದಲ್ಲಿ? ಆ ಒಂದು ಮಾತು ಮಾತ್ರ ಯಾರ ಸ್ವರಕ್ಕೂ ಕೂರಲಿಲ್ಲ. ನನ್ನದರಲ್ಲೇ ಹೇಳಬೇಕಾಯಿತು.

ಇಂಥ ಪಾಠ ಆದವನು ಅಣಕಿಸುವುದನ್ನು ಬಿಟ್ಟಿರಬೇಕು ಎಂದು ನೀವು ತಿಳಿದಿರಬಹುದು. ಬಿಟ್ಟೆ. ಐದು ತಿಂಗಳು. ಆಮೇಲೆ ಮತ್ತೆ ಶುರು. ಮುಂದೆ ಮ್ಯಾಟ್ರಿಕ್ಕಿನಲ್ಲಿ ಎರಡು ಸಲ ಬಿದ್ದು, ಬೇರೆ ಯಾವ ಕಸುಬೂ ನನ್ನನ್ನು ತೆಗೆದುಕೊಳ್ಳದಿದ್ದಾಗ, ಅದೇ ಗಂಟಲು ಕೈ ಹಿಡಿಯಿತು. ಕುಮಟೆಗೆ ಮತ್ತೊಂದು ಡೇರೆ ಸಿನೆಮಾ ಬಂತು. ಅದರ ಯಜಮಾನ ನನ್ನನ್ನು ಎತ್ತಿನ ಗಾಡಿಯಲ್ಲಿ ಕೂರಿಸಿ, ಕೈಗೆ ತಗಡಿನ ತುತ್ತೂರಿ ಕೊಟ್ಟು, ಊರೂರಿಗೆ ಸಾರಲು ಕಳಿಸಿದ. ನಾಯಕ, ನಾಯಕಿ, ಖಳನಾಯಕ, ಕುದುರೆ ಎಲ್ಲ ನಾನೇ. ಹೊನ್ನಾವರದಲ್ಲಿ ಜನ ಗಾಡಿಯ ಹಿಂದೆ ನಡೆದು ಬಂದು ಎಲ್ಲ ಕೇಳಿ, ಇನ್ನು ಸಿನೆಮಾ ಯಾತಕ್ಕೆ ಎಂದು ಮನೆಗೆ ಹೋದರು. ಯಜಮಾನನಿಗೆ ಇದು ಹಿಡಿಸಲಿಲ್ಲ.

ಭಟ್ಕಳದಲ್ಲಿ ಇನ್ನೂ ಚೆಂದ. ಪೇಟೆಯ ಬಟ್ಟೆ ಅಂಗಡಿಯ ಸಾಹೇಬರೊಬ್ಬರದ್ದು ತುಂಬಿದ ಕೊಡದಂಥ ಸ್ವರ, ನವಾಯತಿ ಮಾತು. ಅವರಂತೆಯೇ ಜನರನ್ನು ಅಂಗಡಿಗೆ ಕರೆದೆ. ಹೆಬಳೆಯಿಂದ ಪೇಟೆಗೆ ಬಂದಿದ್ದ ಒಂದು ಮದುವೆ ದಿಬ್ಬಣ ಇಡೀ ಅಂಗಡಿಗೆ ನುಗ್ಗಿತು. ಸಾಹೇಬರು ನನ್ನನ್ನು ಹಿಡಿದು ತರಿಸಿದರು. ಹೊಡೆಯುತ್ತಾರೆ ಎಂದುಕೊಂಡೆ. ಅವರು ಎದುರಿಗೆ ಕೂರಿಸಿ ಇನ್ನೊಮ್ಮೆ ಮಾಡಿಸಿ ಕೇಳಿ, ಹೊಟ್ಟೆ ಹಿಡಿದು ನಕ್ಕು, ಚಹ ಕೊಟ್ಟು, ಇನ್ನು ಈ ಬೀದಿಯಲ್ಲಿ ಕಂಡರೆ ಕಾಲು ಮುರಿಯುತ್ತೇನೆ ಎಂದರು. ಬಹಳ ಸಭ್ಯರು.

ಹೀಗೆ ಹೆಸರು ಬಂದು, ಹೋದ ವರ್ಷ ಮಿರ್ಜಾನದ ನನ್ನ ಹಳೆಯ ಶಾಲೆಯಲ್ಲೇ ವಾರ್ಷಿಕೋತ್ಸವದ ಗ್ಯಾದರಿಂಗಿಗೆ ಕರೆದರು. "ತಾರಿಯ ಕೂಗುಗಳು" ಎಂದು ನನ್ನದೊಂದು ಹೆಸರುವಾಸಿ ಭಾಗವಿದೆ. ಶಾನುಭೋಗರ ಕೆಮ್ಮಿಗೆ ಶಾನುಭೋಗರೇ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದರು. ಎಲ್ಲರನ್ನೂ ತೆಗೆದೆ. ಒಂದು ಕೂಗನ್ನು ಮಾತ್ರ ಬಿಟ್ಟೆ. ಹಿಂದಿನ ಸಾಲಿನಲ್ಲಿ ಹೊನ್ನಪ್ಪ ಕೂತದ್ದು ಕಂಡಿತ್ತು.

ಮಾರನೆಯ ಬೆಳಿಗ್ಗೆ ಮನೆಗೆ ಹೋಗಲು ತಾರಿಗೆ ಬಂದೆ. ಈಗ ಹುಟ್ಟು ಹಾಕುವವನು ಹೊನ್ನಪ್ಪನ ಅಳಿಯ. ಹೊನ್ನಪ್ಪ ಅಭ್ಯಾಸ ಬಿಡಲಾರದೆ ದೋಣಿಯ ತುದಿಯಲ್ಲಿ ಕೂತಿರುತ್ತಾನೆ. ನಾನು ಹತ್ತಲು ಹೋದೆ. ಅವನು ಕೈ ಅಡ್ಡ ಹಿಡಿದ.

"ಎಲ್ಲಾರದ್ದೂ ಮಾಡ್ದೆ. ನಮ್ಮ ಜಟ್ಟುದು ಎಂತಕೆ ಬಿಟ್ಟೆ?"

ನಾನು ದೋಣಿಗೆ ಇಟ್ಟ ಕಾಲು ಹಿಂದೆ ತೆಗೆದೆ.

"ಈಗ ಮಾಡು. ಇಲ್ಲಿಂದನೇ ಕೂಗು. ಮಾದೇವಿ ಆಚೆಗೆ ಜಗಲಿ ಮೇಲೆ ಬಳಚಿನ ಚಿಪ್ಪು ಬಿಡಿಸ್ತಾ ಕೂತಿದ್ಲು. ಕಣ್ಣು ಮಂಜಾಗ್ಯದೆ ಅವಳಿಗೆ. ಕಿವಿ ಗಟ್ಟಿ ಅದೆ."

ಬೇಡ ಹೊನ್ನಪ್ಪಣ್ಣ, ಒಂದು ಸಲ ಮಾಡಿದ ಪಾಪವೇ ಇನ್ನೂ ಹಾಗೇ ಇದೆ ಎಂದೆ. ಅವನು ಅಳಿಯನ ಕಡೆ ನೋಡಿದ. ಅಳಿಯ ಇಳಿದು ಆ ಕಡೆ ಹೋದ.

"ಆವತ್ತು ಬರೂವಾಗ ದೋಣೀಲಿ ಅವಳು ಎಷ್ಟು ನಗಾಡ್ದಳು ಗೊತ್ತದ್ಯಾ ನಿಂಗೆ? ಮಗನಿಗೆ ಮೀಸೆ ಬಂದಿರ್ಬೇಕು, ಗುರ್ತು ಸಿಗ್ತದೋ ಇಲ್ಲೋ ಅಂತಾ. ನಡು ಹೊಳೆ ದಾಟೂವರೆಗೂ ನಗು. ಆಮೇಲೆ ಇಷ್ಟು ವರ್ಷ ಆತು, ಹಾಂಗೆ ನಕ್ಕದ್ದೇ ಇಲ್ಲ." ಅವನು ನನ್ನ ಮುಖ ನೋಡಲಿಲ್ಲ. "ಅರ್ಧ ಹೊಳೆ ಸಾಕು ಮಾರಾಯ. ಉಳಿದದ್ದು ನಾ ನೋಡ್ಕಂತೆ."

ಬೈಯುತ್ತಾನೆ ಎಂದು ಏಳು ವರ್ಷ ಕಾದವನು ನಾನು. ಇದಕ್ಕೆ ತಯಾರಾಗಿರಲಿಲ್ಲ.

ಅದೇ ಜಾಗದಲ್ಲಿ ಹೋಗಿ ನಿಂತೆ. ಈ ಸಲ ಮಚವೆ ಇರಲಿಲ್ಲ, ಆಚೆ ದಡ ಚೆನ್ನಾಗಿ ಕಾಣುತ್ತಿತ್ತು. ಗಂಟಲು ಸರಿ ಮಾಡಿಕೊಂಡೆ. "ಓ ಅಪ್ಪೋ, ಹೋಯ್" ಎಂದೆ. ತಗ್ಗಿನಲ್ಲಿ ಶುರುವಾಯಿತು. ತಗ್ಗಿನಲ್ಲೇ ಮುಗಿಯಿತು. ನಡುವೆ ಬಿರಿಯಲೇ ಇಲ್ಲ. ನೆಲಕ್ಕೆ ಕಂಬ ಹುಗಿದ ಹಾಗೆ ಗಟ್ಟಿ ಗಂಡಸಿನ ಸ್ವರ. ಎರಡನೆಯ ಸಲ ಬೇಕೆಂದೇ ಒಡೆದೆ, ಕೋಳಿ ಕೂಗಿದಂತಾಯಿತು. ಮೂರನೆಯ ಸಲ ಕಣ್ಣು ಮುಚ್ಚಿ, ಆ ಸಿನೆಮಾದ ಸಂಜೆಯನ್ನು, ಪಕ್ಕದಲ್ಲಿ ನಡೆಯುತ್ತಿದ್ದ ಜಟ್ಟುವನ್ನು ನೆನೆದು ಕೂಗಿದೆ. ಕುದುರೆಯನ್ನು ತೆಗೆಯಬಲ್ಲ ಗಂಟಲು, ಭಟ್ಕಳದ ಸಾಹೇಬರನ್ನೇ ನಗಿಸಿದ ಗಂಟಲು. ಒಬ್ಬ ಹದಿನೈದರ ಹುಡುಗನನ್ನು ತರಲಾರದೆ ಹೋಯಿತು. ಆ ಸ್ವರ ಈಗ ಜಟ್ಟುವಿನ ಹತ್ತಿರವೂ ಇರಲಿಕ್ಕಿಲ್ಲ, ಅವನು ಎಲ್ಲೇ ಇದ್ದರೂ.

"ಆತು, ಬಾ" ಎಂದ ಹೊನ್ನಪ್ಪ.

 ನಡು ಹೊಳೆ ಬಂತು, ದಾಟಿತು. ನಾನು ಒಂದೇ ಒಂದು ಆಸೆ ಇಟ್ಟುಕೊಂಡಿದ್ದೆ. ದೂರದಿಂದ, ಗಾಳಿಯಲ್ಲಿ, ವಯಸ್ಸಾದ ಕಿವಿಗೆ ಎಲ್ಲಾದರೂ ಸ್ವಲ್ಪ ಅವನಂತೆ ಕೇಳಿರಬಹುದು. ಹೊನ್ನಪ್ಪನಿಗೂ ಅದೇ ಆಸೆ ಇತ್ತೇನೋ. ದೋಣಿ ದಡಕ್ಕೆ ತಾಗುವ ಮೊದಲೇ ಇಳಿದು ನನಗಿಂತ ಮುಂದೆ ನಡೆದ.

ಮಾದೇವಿ ಜಗಲಿಯ ಮೇಲೆ ಕಾಲು ಚಾಚಿ ಕೂತು ಕತ್ತಿಯ ತುದಿಯಿಂದ ಬಳಚು ಬಿಡಿಸುತ್ತಿದ್ದಳು. ಹೆಜ್ಜೆಯ ಸದ್ದಿಗೆ ಕೈ ನಿಲ್ಲಲಿಲ್ಲ. ನಾನು ಅಂಗಳದಲ್ಲೇ ನಿಂತೆ. ಒಂದು ಚಿಪ್ಪನ್ನು ಬುಟ್ಟಿಗೆ ಎಸೆದು ಅವಳು ಹೇಳಿದಳು:

"ಮೂರು ಸಲ ಕೂಗೂದು ಎಂತಕೆ ಪರಮು? ಮೊದಲನೇ ಸಲಕ್ಕೇ ತಿಳೀತು ನೀನೇ ಅಂತ. ನಿನ್ನ ಸ್ವರ ಎಲ್ಲಿದ್ರೂ ಗುರ್ತು ಸಿಗ್ತದೆ ನಂಗೆ."